ಕೊಂಕಣಿ ಕಡಲಿನ ಹಾಡು, "ನೌಕಾ ನೌಕಾ" ಅಂತ ಬರ್ತದೆ, ಯಾವ್ದು ಹೇಳಿ ಮಾರಾಯ್ರೆ

ಕಡಲಕರೆಯವ:
ಇಪ್ಪತ್ತು ವರ್ಷದ ಹಿಂದೆ ಮಂಗ್ಳೂರಲ್ಲಿ ಅಪ್ಪನ ಫ್ರೆಂಡ್ ಮನೇಲಿ ರೋಸ್ ಇತ್ತು, ಮದುವೆ ಮುಂಚೆ ತೆಂಗಿನ ಹಾಲು ಹಚ್ತಾರಲ್ಲ ಅದು, ಊಟ ಆದ್ಮೇಲೆ ಹೆಂಗಸ್ರೆಲ್ಲ ಸೇರಿ ಒಂದು ಹಾಡು ಹೇಳಿದ್ರು, ಮಡಿಕೆ ಥರದ್ದು ಏನೋ ಬಡೀತಿದ್ರು. ನಂಗೆ ಕೊಂಕಣಿ ಬರಲ್ಲ. "ಗೇ ಗೇ ಗೇ" ಅಂತ ಏನೋ, ಆಮೇಲೆ "ನೌಕಾ ನೌಕಾ". ಹಡಗಿನ ಹಾಡೇ, ಡೌಟಿಲ್ಲ. ಯೂಟ್ಯೂಬಲ್ಲಿ ಸಮುದ್ರ, ಹಡಗು ಎಲ್ಲ ಹಾಕಿ ಹುಡ್ಕಿ ಸಾಕಾಯ್ತು. ಗೂಗಲ್‌ಗೆ ಗುನುಗಿದ್ರೆ ಬಾಬಿ ಪಿಚ್ಚರಿನ ಹಾಡು ತೋರಿಸ್ತದೆ, ವೇಸ್ಟ್.

ಬಂಗುಡೆ ಫ್ರೈ:
ರಂಪಣಿ ಬಲೆ ಎಳೆಯುವಾಗ ಹೇಳೋದು ಇರ್ಬೋದಾ?

ಕಡಲಕರೆಯವ:
ಅಲ್ಲ, ಇದು ಕುಣಿಯೋ ಥರ ಇತ್ತು.

ಗುಮಟೆ ಪ್ರಿಯ:
ಗೂಗಲ್ ಸರಿಯಾಗೇ ಹೇಳಿದೆ, ನೀವೇ ಬಿಟ್ರಿ! 1973ರ ಬಾಬಿಯಲ್ಲಿರೋ ಆ "ಘೆ ಘೆ ಘೆ" ಪಲ್ಲವಿ ಗೋವಾದ ಕೊಂಕಣಿ ಹಾಡಿಂದ ಬಂದಿದ್ದು, "ಹಾಂವ್ ಸಾಯ್ಬಾ ಪೊಲ್ತಡಿ ವೆತಾಂ", ದೆಖ್ಣಿ ಅಂತಾರೆ ಈ ಜಾತಿ ಹಾಡಿಗೆ. ನೀವು ಕೇಳಿದ್ದು ನೌಕಾ ಅಲ್ಲ, "ನಾಕಾ ಗೋ". ನಾಕಾ ಅಂದ್ರೆ ಬೇಡ, ಗೋ ಅಂದ್ರೆ ನಮ್ಮ "ಕಣೇ" ಇದ್ದಂಗೆ. ನರ್ತಕಿ ಒಬ್ಳು ದಾಮುವಿನ ಮದುವೆಗೆ ಹೋಗ್ಬೇಕು, ದಾರಿ ತೋರ್ಸು ದಾಟ್ಸು ಅಂತ ಅಂಬಿಗನಿಗೆ ಒಡವೆ ಕೊಡೋಕೆ ಹೋಗ್ತಾಳೆ, ಘೆ ಘೆ ಅಂದ್ರೆ ತಗೋ ತಗೋ, ಅವ್ನು ನಂಗೆ ಬೇಡ ಕಣೇ ಅಂತಾನೆ. ಪೊಲ್ತಡಿ ಅಂದ್ರೆ ಆಚೆ ದಡ, ತಡಿ ನಮ್ಮಲ್ಲೂ ಉಂಟಲ್ಲ. ಹಾಗಾಗಿ ಸಮುದ್ರವೂ ಇಲ್ಲ ಹಡಗೂ ಇಲ್ಲ, ಹೊಳೆ, ದೋಣಿ ಅಷ್ಟೇ.

ಅಪ್ಪಟ ಜಾನಪದ ಅನ್ನೋಕೂ ಆಗಲ್ಲ, ಕಾರ್ಲೊಸ್ ಯುಜೇನಿಯೊ ಫೆರೇರಾ ಹೆಸ್ರಲ್ಲಿ 1895ರಲ್ಲಿ ಪ್ಯಾರಿಸ್ಸಲ್ಲಿ ಅಚ್ಚಾಗಿತ್ತು. ಮಡಿಕೆ ವಾದ್ಯ ಘುಮಟ್, ನಮ್ಮ ಅಂಕೋಲಾ ಕುಮಟಾ ಕಡೆ ಹಾಲಕ್ಕಿಗಳು ಬಾರ್ಸೋ ಗುಮಟೆ ಇದ್ರ ದಾಯಾದಿನೇ. ಮೊದ್ಲು ಉಡದ ಚರ್ಮ ಹಾಕ್ತಿದ್ರು, ಈಗ ಆಡಿಂದು.

ಕಡಲಕರೆಯವ:
ಕೇಳ್ದೆ. ಇದೇ ಮಾರಾಯ್ರೆ, ಇದೇ! ಬೇಡ ಬೇಡ ಅಂತಿದ್ದವನನ್ನ ನಾನು ಇಷ್ಟು ವರ್ಷ ಹಡಗು ಮಾಡಿಟ್ಟಿದ್ದೆ. ಮೇಲಿನ ಹೆಡ್ಡಿಂಗ್ ತಿದ್ದೋದು ಹೇಗೆ, ಕಡಲು ತೆಗೀಬೇಕಲ್ಲ?