ಅಷ್ಟೂರು, ಚೌಖಂಡಿ ಫೋಟೊಗಳಿಗೆ ಹೆಸರು ಹೆಂಗ ಇಡಬೇಕ್ರಿ?

ಬಿದ್ರಿಹೂ:
ಬೀದರ್ ಹತ್ರದ ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳು, ಚೌಖಂಡಿ ಅನ್ನೋ ಗೋರಿ, ಬೀದರಿನ ಗಾವಾನ್ ಮದರಸಾ ಸೇರಿ 3,000 ಫೋಟೊ ಅವ. ಎರಡು ಕ್ಯಾಮೆರಾ, ಒಂದು ಮೊಬೈಲ್. ಎಲ್ಲಾ ಬರೀ ನಂಬರ್. ತೆರೀದೇನೇ ಯಾವ ಗುಮ್ಮಟ ಅಂತ ತಿಳೀಬೇಕು. ಕನ್ನಡದಾಗ ಹೆಸರಿಟ್ರ ನಡೀತದೇನ್ರಿ?

ಕೋಟೆಬಾಗಿಲು:
ಹೆಸರಿಗಿಂತ ಮೊದಲ ಗಡಿಯಾರ ನೋಡ್ರಿ. ಕ್ಯಾಮೆರಾ ಟೈಮ್ ಹಿಂದ-ಮುಂದ ಇದ್ರ ಸಾಲೆಲ್ಲಾ ಕಲಸ್ತದ. ಒಂದೇ ಹೊತ್ತಿನಾಗ ಹಿಡಿದ ಫೋಟೊ ಹೋಲಿಸಿ, ಎಷ್ಟು ನಿಮಿಷ ತಪ್ಪ್ಯದೋ ಅಷ್ಟು ಡಿಜಿಕ್ಯಾಮ್ ಇಲ್ಲಾ ಎಕ್ಸಿಫ್‌ಟೂಲ್ ಅನ್ನೋ ತಂತ್ರಾಂಶದಾಗ ಸರಿಸ್ರಿ. 'ಮಾಡಿಫೈಡ್' ತಾರೀಖು ನಂಬಬ್ಯಾಡ್ರಿ, ಎಡಿಟ್ ಮಾಡಿದ್ರ ಬದಲಾಗ್ತದ. 'ಡೇಟ್ ಟೇಕನ್' ತಗೋರಿ.

ಆಮ್ಯಾಲ ಹೆಸರು ಹಿಂಗ:
2024-12-08_ಅಷ್ಟೂರು_ಚೌಖಂಡಿ_ಈಶಾನ್ಯ_ಅ0457

ವರ್ಷ ಮುಂದಿರ್ಲಿ. 08-12-2024 ಅಂತ ಬರೆದ್ರ ಎಲ್ಲಾ ತಿಂಗಳ 8ನೇ ತಾರೀಖು ಒಂದೇ ಕಡೆ ಗುಂಪಾಗ್ತಾವ. ಚೌಖಂಡಿಗೆ ಎಂಟು ಮುಖ, ಫೋಟೊದಾಗ ಒಂದಕ್ಕೊಂದು ಗುರ್ತು ಸಿಗಂಗಿಲ್ಲ, ಅದಕ್ಕ ದಿಕ್ಕು ಬೇಕೇ ಬೇಕು. 'ಅ' ಅಂದ್ರ ಮೊದಲ ಕ್ಯಾಮೆರಾ, 0457 ಅದರ ಮೂಲ ನಂಬರ್. 9999 ಆದಮ್ಯಾಲ ಕ್ಯಾಮೆರಾ ಮತ್ತ 0001ರಿಂದ ಎಣಿಸ್ತದ; ತಾರೀಖು ಇದ್ರ ತೊಡಕಿಲ್ಲ.

'ಫೈನಲ್', 'ಚೆಂದ' ಅಂತ ಹೆಸರಿನಾಗ ಬರೀಬ್ಯಾಡ್ರಿ. ನಾಳೆ ಬದಲಾಗೋದೆಲ್ಲಾ ಸ್ಟಾರ್ ರೇಟಿಂಗ್‌ಗೆ, ಕ್ಯಾಪ್ಶನ್‌ಗೆ. ರಾ (ಕ್ಯಾಮೆರಾದ ಕಚ್ಚಾ ಫೈಲ್), ಜೆಪೆಗ್ ಎರಡೂ ಇದ್ರ ಜೋಡಿಗೆ ಒಂದೇ ಹೆಸರು.

ಅಕ್ಷರಪೆಟ್ಟಿಗೆ:
ಕನ್ನಡ ಹೆಸರು ನಡೆಯುತ್ತದೆ, ಆದರೆ ಯೂನಿಕೋಡ್‌ನಲ್ಲಿ ಮಾತ್ರ. 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದರೆ ಫೋಲ್ಡರಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಉದ್ದದ ಮೇಲೂ ಕಣ್ಣಿರಲಿ: ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ (ಅಕ್ಷರ, ಸ್ವರದ ಗುರುತು, ಅನುಸ್ವಾರ ಎಲ್ಲ ಬೇರೆ ಬೇರೆ) 3 ಬೈಟ್. 'ಚೌಖಂಡಿ' ಒಂದಕ್ಕೇ 18 ಹೋಯಿತು. ಕೆಲವು ಹಳೆಯ ಜಿಪ್ ತಂತ್ರಾಂಶಗಳು ಕನ್ನಡ ಹೆಸರನ್ನು ಕೆಡಿಸುತ್ತವೆ. ಪ್ರೆಸ್ಸಿಗೆ ಕಳಿಸುವ ಮುನ್ನ ನಾಲ್ಕು ಫೈಲ್ ಕಳಿಸಿ ನೋಡಿ.

ಹೆಚ್ಚು ಕಾಡುವುದು ಕಾಗುಣಿತ. ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಮೂರೂ ಬಳಕೆಯಲ್ಲಿವೆ. ಒಂದನ್ನು ಹುಡುಕಿದರೆ ಉಳಿದೆರಡು ಸಿಗುವುದಿಲ್ಲ. ಮೊದಲೇ ಸ್ಥಳಗಳ ಪಟ್ಟಿ ಮಾಡಿ, ಅದರಿಂದಲೇ ಕಾಪಿ ಮಾಡಿ ಅಂಟಿಸಿ.

ಮೆಮರಿಕಾರ್ಡ್:
ಮೊಬೈಲ್ ಫೋಟೊ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಎಕ್ಸಿಫ್ (ಫೋಟೊ ಫೈಲಿನೊಳಗಿನ ತಾರೀಖು, ಹೊತ್ತಿನ ಮಾಹಿತಿ) ಉದುರುತ್ತದೆ, ಆಮೇಲೆ ಮೇಲಿನ ಲೆಕ್ಕ ಯಾವುದೂ ನಡೆಯಲ್ಲ. ಕೇಬಲ್‌ನಿಂದ ತಗೊಳ್ಳಿ, ಇಲ್ಲವೇ 'ಡಾಕ್ಯುಮೆಂಟ್' ಆಗಿ ಕಳಿಸಿ. ಹೆಸರು ಬದಲಿಸುವ ಮುಂಚೆ ಮೂಲದ ಒಂದು ಪ್ರತಿ ಬೇರೆ ಡಿಸ್ಕಿಗೆ.

ಬಿದ್ರಿಹೂ:
ಅಹ್ಮದ್ ಶಾ ಗೋರಿ ಒಳಗಿನ ಚಿತ್ತಾರಕ್ಕ ದಿಕ್ಕು ಹೆಂಗ್ರಿ?

ಕೋಟೆಬಾಗಿಲು:
ಗೋಡಿಗೆ 'ಒಳ-ಪಶ್ಚಿಮ', 'ಒಳ-ಉತ್ತರ' ಹಿಂಗ. ಗುಮ್ಮಟದ ಒಳಮೈಗೆ ಬರೀ 'ಒಳ-ಗುಮ್ಮಟ'. ನೀವು ನಿಂತ ದಿಕ್ಕಲ್ರಿ, ಗೋಡಿ ಇರೋ ದಿಕ್ಕು.