ಮಗಳು ಏಡಿ ಮುಟ್ತಿಲ್ಲ, ಒಳಗೆ ಹುಳ ಇದೆಯಂತೆ. ಹೌದಾ ಮೇಡಂ?

ಪ್ರಶ್ನೆ: ನಮಸ್ಕಾರ, ಗ್ರೂಪಲ್ಲಿ ಸಮುದ್ರ ಪ್ರಾಣಿಗಳ ರೋಗದ ಬಗ್ಗೆ ಕೆಲ್ಸ ಮಾಡೋ ಮೇಡಂ ಇದಾರೆ ಅಂತ ಗೊತ್ತಾಯ್ತು, ಅದಕ್ಕೆ ಕೇಳ್ತಿದೀನಿ. ನಾವಿರೋದು ಫ್ರೀಮಾಂಟ್, ಕ್ಯಾಲಿಫೋರ್ನಿಯಾ. ಸ್ಕೂಲಿಂದ ಲಿಂಪೆಟ್ಸ್ ಪ್ರೋಗ್ರಾಂ ಅಂತ ಮಕ್ಕಳನ್ನ ಬೀಚಿಗೆ ಕರ್ಕೊಂಡು ಹೋಗಿದ್ರು, ಮರಳಲ್ಲಿ ಹೂತ್ಕೊಂಡಿರೋ ಪುಟಾಣಿ ಸ್ಯಾಂಡ್ ಕ್ರ್ಯಾಬ್ ಎಣಿಸಿ ಕೆಲವನ್ನ ಕೊಯ್ದು ನೋಡಿದ್ರಂತೆ, ಒಳಗೆ ಹುಳ. ಅತ್ತೆ ಕುಂದಾಪುರದಿಂದ ಬಂದಿದಾರೆ, ಡಂಜನೆಸ್ ಏಡಿ ತಂದು ಪಾಪ ಆಸೆಯಿಂದ ಸುಕ್ಕ ಮಾಡಿದ್ರೆ ಇವಳು ತಟ್ಟೆ ಹತ್ರನೂ ಬರ್ಲಿಲ್ಲ. ನಾವು ತಿನ್ನೋ ಏಡೀಲೂ ಅದೇ ಹುಳ ಇರುತ್ತಾ?

ಉತ್ತರ: ಮಗಳು ನೋಡಿದ್ದು ನಿಜಾನೇ, ಬೈಬೇಡಿ 😄 ಅದು ಪ್ರೊಫಿಲಿಕಾಲಿಸ್ ಅನ್ನೋ ಮುಳ್ಳುತಲೆ ಹುಳದ ಮರಿ. ಇದಕ್ಕೆ ಬಾಯೂ ಇಲ್ಲ ಕರುಳೂ ಇಲ್ಲ, ಮೈ ಚರ್ಮದಿಂದಾನೇ ಆಹಾರ ಹೀರ್ಕೊಳ್ಳುತ್ತೆ, ತಲೆ ತುಂಬಾ ಕೊಕ್ಕೆ ಮುಳ್ಳು. ದೊಡ್ಡ ಹುಳ ಇರೋದು ಸೀಗಲ್, ಸ್ಕೋಟರ್ ಬಾತುಕೋಳಿ ಇಂಥವುಗಳ ಕರುಳಲ್ಲಿ, ಅವುಗಳ ಹಿಕ್ಕೆ ಜೊತೆ ಮೊಟ್ಟೆ ನೀರಿಗೆ ಬೀಳುತ್ತೆ, ಸ್ಯಾಂಡ್ ಕ್ರ್ಯಾಬು ಅಲೆ ವಾಪಸ್ ಹೋಗುವಾಗ ಮೀಸೆ ಹರಡಿ ನೀರು ಸೋಸಿ ತಿನ್ನೋ ಪ್ರಾಣಿ, ಮೊಟ್ಟೆನೂ ನುಂಗುತ್ತೆ. ಮರಿ ಅದರ ಹೊಟ್ಟೇಲಿ ಕೂತು ಕಾಯುತ್ತೆ, ಯಾವ್ದೋ ಹಕ್ಕಿ ಬಂದು ಏಡಿ ತಿಂದ್ರೆ ಅಲ್ಲಿ ಬೆಳೆದು ಮತ್ತೆ ಮೊಟ್ಟೆ.

ಎಡವಟ್ಟಾಗೋದು ಸಮುದ್ರದ ನೀರುನಾಯಿಗಳಿಗೆ, ಸೀ ಆಟರ್ ಅಂತೀವಲ್ಲ. ಒಳ್ಳೆ ಬೇಟೆ ಸಿಗದೆ ಇರೋವು, ಹೆಚ್ಚಾಗಿ ಮರಿಗಳು ಮತ್ತೆ ಮುದಿಗಳು, ಸ್ಯಾಂಡ್ ಕ್ರ್ಯಾಬನ್ನೇ ರಾಶಿ ರಾಶಿ ತಿಂತಾವೆ. ಹುಳಕ್ಕೆ ಇದು ಹಕ್ಕಿ ಅಲ್ಲ ಅಂತ ಗೊತ್ತಾಗಲ್ವಲ್ಲ, ಕರುಳಿಗೆ ತಲೆ ತೂರಿಸುತ್ತೆ, ಕೆಲವು ಪೂರ್ತಿ ತೂತು ಮಾಡ್ಕೊಂಡು ಆಚೆ ಬರ್ತಾವೆ, ಹೊಟ್ಟೆಯೆಲ್ಲಾ ಕೀವು, ನೀರುನಾಯಿ ಸಾಯುತ್ತೆ. ಹುಳಕ್ಕೂ ಲಾಭ ಇಲ್ಲ, ಅಲ್ಲಿ ಅದರ ವಂಶ ಮುಂದುವರಿಯಲ್ಲ. 1998ರಿಂದ 2001ರವರೆಗೆ ಕ್ಯಾಲಿಫೋರ್ನಿಯಾ ದಡಕ್ಕೆ ಬಂದ ಸತ್ತ ನೀರುನಾಯಿಗಳನ್ನ ಪರೀಕ್ಷೆ ಮಾಡಿದಾಗ ಸಾವಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಡಂಜನೆಸ್ ಏಡಿ ಹುಳದ ಕತೆ ಬೇರೆ. ಕಾರ್ಸಿನೊನೆಮರ್ಟಿಸ್ ಎರಾನ್ಸ್ ಅಂತ, ದಾರದ ಥರ ಸಣ್ಣ ಹುಳ, ಒಳಗಲ್ಲ ಹೊರಗಡೆ ಚಿಪ್ಪಿನ ಸಂದಿಲಿರುತ್ತೆ. ಗಂಡೇಡಿ ಮೇಲೆ ಇದ್ದದ್ದು ಜೋಡಿ ಆಗೋ ಟೈಮಲ್ಲಿ ಹೆಣ್ಣಿನ ಮೇಲೆ ಹತ್ಕೊಳ್ಳುತ್ತೆ, ಹೆಣ್ಣು ಮೊಟ್ಟೆ ಇಟ್ಟು ಹೊಟ್ಟೆ ಕೆಳಗೆ ಹೊತ್ಕೊಂಡ ಮೇಲೆ ಒಂದೊಂದೇ ಮೊಟ್ಟೆ ಚುಚ್ಚಿ ಹೀರುತ್ತೆ. 1970ರ ದಶಕದಲ್ಲಿ ಮಧ್ಯ ಕ್ಯಾಲಿಫೋರ್ನಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಟ್ಟೆ ಇದರ ಪಾಲಾಗ್ತಿತ್ತು ಅಂತ ಲೆಕ್ಕ ಸಿಕ್ಕಿದೆ. ಅಂದ್ರೆ ಇದು ಏಡಿ ಸಂತಾನಕ್ಕೆ ಶತ್ರು, ನಿಮ್ಮ ಸುಕ್ಕಕ್ಕಲ್ಲ. ಚೆನ್ನಾಗಿ ಬೇಯಿಸಿದ್ರೆ ಯಾವ ಹುಳನೂ ಬದುಕಲ್ಲ.

ಇನ್ನೊಬ್ಬರು: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆ, ಮಳೆಗಾಲದಲ್ಲಿ ಗದ್ದೆ ಏಡಿ ಸಾರು ಮಾಡ್ತೀವಿ, ಅದಕ್ಕೂ ಇದೇ ಮಾತಾ?

ಉತ್ತರ: ಸಿಹಿನೀರ ಏಡಿ ವಿಷ್ಯದಲ್ಲಿ ನಾನು ಸ್ವಲ್ಪ ಸ್ಟ್ರಿಕ್ಟು. ಪ್ಯಾರಗೋನಿಮಸ್ ಅಂತ ಶ್ವಾಸಕೋಶದ ಹುಳ ಹಸಿ ಇಲ್ಲಾ ಅರೆಬೆಂದ ಏಡಿಯಿಂದ ಮನುಷ್ಯರಿಗೆ ಬರುತ್ತೆ, ಮಣಿಪುರ, ಅರುಣಾಚಲದಲ್ಲಿ ಕೇಸ್ ಇದೆ. ಕೆಮ್ಮಿದ್ರೆ ರಕ್ತ ಬರುತ್ತೆ, ಟಿಬಿ ಅಂತ ತಪ್ಪು ತಿಳ್ಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದವರಿದಾರೆ. ಸಾರು ಕುದಿಸಿ ತಿನ್ನಿ, ಕೆಂಡದ ಮೇಲೆ ಅರ್ಧಂಬರ್ಧ ಸುಟ್ಟು ತಿನ್ನೋದು ಬೇಡ. ಹಸಿ ಏಡಿ ಕೊಯ್ದ ಮಣೆ, ಚಾಕು ತೊಳೀದೆ ಅದರಲ್ಲೇ ಸೌತೆಕಾಯಿ ಹೆಚ್ಚೋದೂ ಬೇಡ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಮಗಳಿಗೆ ಓದಿ ಹೇಳ್ದೆ, ಈಗ ನೀರುನಾಯಿಗೋಸ್ಕರ ಅಳ್ತಿದಾಳೆ. ಅತ್ತೆ ಕೇಳ್ತಿದಾರೆ, ಒಳಗಿನ ಹಳದಿ ಭಾಗ ತಿನ್ಬಹುದಾ, ಅದೇ ರುಚಿ ಮಾರಾಯ್ತಿ ಅಂತಾರೆ.

ಉತ್ತರ: ಅತ್ತೆ ಬಾಯಿಗೆ ಅಡ್ಡ ಬರೋದು ಬೇಜಾರು, ಆದ್ರೆ ನಿಮ್ಮ ಕಡೆ ನಿಜವಾಗ್ಲೂ ಹೆದರ್ಬೇಕಾಗಿರೋದು ಅದಕ್ಕೇ. ಒಂದು ಜಾತಿ ಪಾಚಿಯಿಂದ ಬರೋ ಡೊಮೊಯಿಕ್ ಆಸಿಡ್ ಅನ್ನೋ ವಿಷ ಆ ಹಳದಿ ಭಾಗದಲ್ಲೇ ಸೇರೋದು, ಎಷ್ಟು ಬೇಯಿಸಿದ್ರೂ ಹೋಗಲ್ಲ. 2015ರಲ್ಲಿ ಇದ್ರಿಂದಾನೇ ಅಲ್ಲಿ ಏಡಿ ಸೀಸನ್ ಶುರುವಾಗೋದು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿತ್ತು. ಎಚ್ಚರಿಕೆ ಕೊಟ್ಟಿದಾರಾ ಅಂತ ಸ್ಟೇಟ್ ಹೆಲ್ತ್ ಡಿಪಾರ್ಟ್‌ಮೆಂಟ್ ಸೈಟ್ ನೋಡಿ, ಇದ್ರೆ ಬೇಯಿಸೋ ಮೊದ್ಲೇ ಒಳಗಿಂದೆಲ್ಲಾ ತೆಗೀರಿ, ಬೇಯಿಸಿದ ನೀರು ಸಾರಿಗೆ ಹಾಕ್ಬೇಡಿ, ಚೆಲ್ಲಿ.