ಅವಕಲನದ ಸೂತ್ರ ಬರುತ್ತದೆ, ‘ದರ’ ತಿಳಿಯುವುದಿಲ್ಲ: ಪಾಠವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಪಿಯು ಉಪನ್ಯಾಸಕಿ, ಶಿರಸಿ):
ದ್ವಿತೀಯ ಪಿಯುಸಿಯ ನನ್ನ ವಿದ್ಯಾರ್ಥಿಗಳು ಚೈನ್ ರೂಲ್ (ಒಂದರೊಳಗೊಂದು ಇರುವ ಫಂಕ್ಷನ್‌ಗಳಿಗೆ ಹಚ್ಚುವ ನಿಯಮ) ಬಳಸಿ ಸಾಕಷ್ಟು ಕ್ಲಿಷ್ಟವಾದ ಫಂಕ್ಷನ್‌ಗಳ ಅವಕಲನವನ್ನೂ (ಡಿಫರೆನ್ಶಿಯೇಶನ್, ಅಂದರೆ ಬದಲಾವಣೆಯ ದರ ಕಂಡುಹಿಡಿಯುವುದು) ತಪ್ಪಿಲ್ಲದೆ ಮಾಡುತ್ತಾರೆ. ಆದರೆ ಒಂದು ಗ್ರಾಫ್ ಬರೆದು, ಅದು ಎಲ್ಲಿ ಅತಿ ವೇಗವಾಗಿ ಏರುತ್ತಿದೆ ಎಂದು ಕೇಳಿದರೆ, ಬಹಳ ಮಂದಿ ಅದರ ತುತ್ತತುದಿಗೆ ಬೆರಳಿಡುತ್ತಾರೆ. ಕನ್ನಡ ಮಾಧ್ಯಮದಿಂದ ಬಂದವರಲ್ಲೂ ಇಂಗ್ಲಿಷ್ ಮಾಧ್ಯಮದವರಲ್ಲೂ ಇದು ಒಂದೇ ರೀತಿ ಕಾಣುವುದರಿಂದ, ಭಾಷೆಯ ತೊಡಕೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಈ ಬಗ್ಗೆ ಸಂಶೋಧನೆಗಳು ಏನು ಹೇಳುತ್ತವೆ?

ಉತ್ತರ 1 (ಪದವಿ ಕಾಲೇಜಿನ ಅಧ್ಯಾಪಕ, ಕಾರವಾರ):
ಮೇಡಂ, ನೀವು ಕಂಡಿರುವುದು ಹಳೆಯ ಸಮಸ್ಯೆಯೇ. ಇಂಗ್ಲೆಂಡಿನಲ್ಲಿ ಆರ್ಟನ್ ಅವರು 110 ವಿದ್ಯಾರ್ಥಿಗಳನ್ನು ಸಂದರ್ಶಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ಸೂತ್ರ ಹಚ್ಚುವ ಲೆಕ್ಕಗಳು ಸಲೀಸಾಗಿ ಬರುತ್ತಿದ್ದವರು ಬದಲಾವಣೆಯ ದರವನ್ನು ವಿವರಿಸುವಾಗ ತಡವರಿಸಿದ್ದರು. ಎರಡು ರಾಶಿಗಳು ಜೊತೆಜೊತೆಗೆ ಹೇಗೆ ಬದಲಾಗುತ್ತವೆ ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಡುವುದೇ ಕಷ್ಟ ಎಂಬುದನ್ನು ಮರಿಲಿನ್ ಕಾರ್ಲ್‌ಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಬಾಟಲಿಗೆ ನೀರು ತುಂಬುವಾಗ ಅದರ ಎತ್ತರ ಹೇಗೆ ಏರುತ್ತದೆ ಎಂಬ ಗ್ರಾಫ್ ಬರೆಯುವಲ್ಲಿ, ಕಲನಶಾಸ್ತ್ರದಲ್ಲಿ ಒಳ್ಳೆಯ ಶ್ರೇಣಿ ಪಡೆದವರೂ ಎಡವಿದ್ದರು.

ಆದ್ದರಿಂದ ಸೂತ್ರಕ್ಕಿಂತ ಮೊದಲು ಸಂಖ್ಯೆಗಳನ್ನು ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಕಾಳಿ ನದಿಯ ಅಳಿವೆಯ ಉಬ್ಬರವಿಳಿತವನ್ನೇ ಬಳಸುತ್ತೇನೆ. ಆರು ಗಂಟೆಗಳಲ್ಲಿ ನೀರು 180 ಸೆಂ.ಮೀ. ಏರುತ್ತದೆ ಎಂದಿಟ್ಟುಕೊಂಡರೆ, ನಾವಿಕರ ಸ್ಥೂಲ ಲೆಕ್ಕದ ಪ್ರಕಾರ ಗಂಟೆಗೊಂದರಂತೆ ಏರಿಕೆ 15, 30, 45, 45, 30, 15 ಸೆಂ.ಮೀ. ಆಗುತ್ತದೆ. ನೀರು ಅತಿ ಎತ್ತರಕ್ಕೆ ಬಂದಾಗ ಏರಿಕೆಯ ದರ ಸೊನ್ನೆ, ನಡುಮಟ್ಟದಲ್ಲಿ ದರ ಅತಿ ಹೆಚ್ಚು ಎಂಬುದನ್ನು ಕರಾವಳಿಯ ಮಕ್ಕಳು ತಾವಾಗಿಯೇ ಹೇಳುತ್ತಾರೆ.

ಆ ಬಳಿಕ ಇದೇ ಏರಿಕೆಯನ್ನು ತೋರಿಸುವ ಕೊಸೈನ್ ವಕ್ರರೇಖೆಯನ್ನು (ಎತ್ತರ = 90 − 90 cos(πt/6), t ಎಂದರೆ ಗಂಟೆಗಳು) ಕೊಟ್ಟು, ಮೂರನೆಯ ಗಂಟೆಯ ಸುತ್ತಲಿನ ಸರಾಸರಿ ದರವನ್ನು ಲೆಕ್ಕ ಹಾಕಿಸುತ್ತೇನೆ. ಎರಡು ಗಂಟೆಯ ಅವಧಿಗೆ ಗಂಟೆಗೆ 45 ಸೆಂ.ಮೀ., ಒಂದು ಗಂಟೆಗೆ 46.6, ಅರ್ಧ ಗಂಟೆಗೆ 47.0, ಆರು ನಿಮಿಷಕ್ಕೆ 47.1. ಇವು ಹತ್ತಿರವಾಗುತ್ತಿರುವ ಬೆಲೆ 90 × π/6 = 15π (ಸುಮಾರು 47.12) ಎಂದು ತಿಳಿದಾಗ ಲಿಮಿಟ್ ಎಂಬುದಕ್ಕೆ ಅರ್ಥ ಬರುತ್ತದೆ.

ಉತ್ತರ 2 (ನಿವೃತ್ತ ಉಪನ್ಯಾಸಕ, ಕುಮಟಾ):
ಸರ್ ಹೇಳಿದ ಕ್ರಮ ಒಳ್ಳೆಯದೇ, ಆದರೆ ಪಠ್ಯ ಮುಗಿಸುವ ಒತ್ತಡದಲ್ಲಿ ಇದಕ್ಕೆಂದು ಪ್ರತ್ಯೇಕ ಪೀರಿಯಡ್‌ಗಳು ಸಿಗುವುದಿಲ್ಲ. ಪ್ರಥಮ ಪಿಯುಸಿಯ ಲಿಮಿಟ್ ಅಧ್ಯಾಯದಲ್ಲೇ ಇದನ್ನು ಸೇರಿಸುವುದು ಸೂಕ್ತ. ಗಣಿತ ಶಿಕ್ಷಣದ ಸಂಶೋಧಕರಾದ ಟಾಲ್ ಮತ್ತು ವಿನ್ನರ್ 1981ರಲ್ಲಿ ವಿವರಿಸಿದಂತೆ, ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊದಲು ಬೇರೂರಿದ ಚಿತ್ರವು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ನಂತರವೂ ಉಳಿದಿರುತ್ತದೆ. ಹಾಗಾಗಿ ದ್ವಿತೀಯ ವರ್ಷದಲ್ಲಿ ತಿದ್ದಲು ಹೊರಡುವುದು ತಡವಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಘಟ್ಟದ ಮೇಲಿನ ನಮ್ಮ ಮಕ್ಕಳಲ್ಲಿ ಹಲವರು ಉಬ್ಬರವನ್ನು ಗಮನಿಸಿ ನೋಡಿದವರಲ್ಲ, ಆದ್ದರಿಂದ ಬಾಟಲಿಯಿಂದಲೇ ಆರಂಭಿಸುತ್ತೇನೆ. ಕೊಸೈನ್ ಲೆಕ್ಕದಲ್ಲಿ ಎಚ್ಚರ ವಹಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ 1 ಬರೆದವರು:
ಎರಡು ವಿಷಯಗಳಿವೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಆದ್ದರಿಂದ ಒಂದೇ ಕೊಸೈನ್ ರೇಖೆ ಕೇವಲ ಅಂದಾಜು ಎಂದು ಮೊದಲೇ ಹೇಳಿಬಿಡಿ. ಇನ್ನು, ಕೋನವು ಗಂಟೆಗೆ 30 ಡಿಗ್ರಿ ಎಂದು ಬರೆದುಕೊಂಡ ವಿದ್ಯಾರ್ಥಿ ಅವಕಲನದಲ್ಲಿಯೂ 30 ಅನ್ನೇ ಗುಣಿಸಿ, 90 × 30 = 2700 ಎಂದು ಉತ್ತರ ತರುತ್ತಾನೆ. ಅಲ್ಲಿ π/6 ರೇಡಿಯನ್ ಏಕೆ ಬೇಕೆಂದು ತಿಳಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗದು.